ಬಾಣಲೆ ನೋಡ್ಕೋ

"ಚೆಲ್ಲಿಬಿಡಿ ಅತ್ತಿಗೆ. ಇನ್ನೆಷ್ಟು ದಿನ ಅಂತ ಅದಕ್ಕೆ ನೀರು ಕುಡಿಸ್ತಾ ಕೂರ್ತೀರಾ?"

ಮೈದುನ ಅಡುಗೆಮನೆಯ ಬಾಗಿಲಿಗೆ ಭುಜ ಆನಿಸಿ ನಿಂತಿದ್ದ. ಕೈಯಲ್ಲಿ ಅಂಗಡಿಯ ಬೀಗದ ಕೈಗಳ ಗೊಂಚಲು. ಬೆಳಗಿನ ಹತ್ತು ಗಂಟೆ ದಾಟಿದ್ದರೂ ಷಟರ್ ಎತ್ತಿರಲಿಲ್ಲ. ಅಣ್ಣ ಹೋದ ಮೇಲೆ ಅಂಗಡಿ ತೆಗೆಯುವುದೆಂದರೆ ಅವನಿಗೆ ಕಾಲೇ ಏಳುತ್ತಿರಲಿಲ್ಲ. ಒಳಗೆ ಬಂದು, ನೀರು ಕುಡಿದು, ಮತ್ತೆ ನೀರು ಕುಡಿದು, ಏನಾದರೊಂದು ಮಾತು ತೆಗೆದು ಹೊತ್ತು ಕಳೆಯುತ್ತಿದ್ದ.

ಅತ್ತಿಗೆ ತಿರುಗಿ ನೋಡಲಿಲ್ಲ. ಸಣ್ಣ ಒಲೆಯ ಮೇಲಿದ್ದ ಕೆಟಲನ್ನು ಎತ್ತಿ, ಬಿಸಿನೀರನ್ನು ಸೌಟಿಗೆ ಬಗ್ಗಿಸಿಕೊಂಡು, ದೊಡ್ಡ ಒಲೆಯ ಮೇಲಿನ ಹಿತ್ತಾಳೆ ಬಾಣಲೆಯ ಅಂಚಿನಿಂದ ಒಳಗೆ ಇಳಿಬಿಟ್ಟರು. ತುಪ್ಪ ಒಮ್ಮೆ ಗೊಣಗಿತು. ಹಸಿರು ಬಣ್ಣದ ನೊರೆ ಎದ್ದು ಸುತ್ತ ಹರಡಿಕೊಂಡಿತು.

"ಇವತ್ತಿಗೆ ಒಂಬತ್ತು ದಿನ ಆಯ್ತು," ಎಂದ ಮೈದುನ. "ಅಣ್ಣ ಇದ್ದಿದ್ರೆ ಮೂರನೇ ದಿನಕ್ಕೇ ಇಳಿಸ್ತಿದ್ದ."

"ಇಲ್ವಲ್ಲ," ಎಂದರು ಅತ್ತಿಗೆ.

ಕೀ ಗೊಂಚಲನ್ನು ಈ ಕೈಯಿಂದ ಆ ಕೈಗೆ ದಾಟಿಸಿದ.

ಅವರನ್ನು ಅತ್ತಿಗೆ ಎಂದು ಕರೆಯಬೇಕಾದವನು ಲೋಕದಲ್ಲಿ ಇವನೊಬ್ಬನೇ. ಆದರೆ ಮುಂದಿನ ಅಂಗಡಿಯಿಂದ ಹಿಂದಿನ ಅಡುಗೆಮನೆಗೆ ದಿನಕ್ಕೆ ನೂರು ಸಲ "ಅತ್ತಿಗೇ" ಎಂದು ಇವನು ಕೂಗಿ ಕೂಗಿ, ಆ ಹೆಸರು ಇಡೀ ಬೀದಿಗೆ ಅಂಟಿಬಿಟ್ಟಿತ್ತು. ಔಷಧಕ್ಕೆ ಬರುವವರಿಗೆ ಅತ್ತಿಗೆ, ಹಾಲಿನವಳಿಗೆ ಅತ್ತಿಗೆ, ಅವರಿಗಿಂತ ಹತ್ತು ವರ್ಷ ದೊಡ್ಡವನಾದ ಸಿಲಿಂಡರಿನವನಿಗೂ ಅತ್ತಿಗೆ. ಗಂಡ, ಅಂದರೆ ವೈದ್ಯರು, ಒಮ್ಮೊಮ್ಮೆ ಅವಸರದಲ್ಲಿ "ಅತ್ತಿಗೇ, ಶುಂಠಿ ಡಬ್ಬ ಎಲ್ಲಿ?" ಎಂದುಬಿಟ್ಟು, ನಾಲಿಗೆ ಕಚ್ಚಿಕೊಂಡು, ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕದ್ದುಂಟು.

"ಕೋಪ ಮಾಡ್ಕೋಬೇಡಿ ಅತ್ತಿಗೆ," ಎಂದ ಮೈದುನ, ದನಿ ಇಳಿಸಿ. "ಬೆಳಿಗ್ಗೆ ಒಳಗೆ ಕಾಲಿಟ್ಟ ಕೂಡಲೇ ಈ ವಾಸನೆ ಮೂಗಿಗೆ ಬಡಿಯುತ್ತೆ. ಅಣ್ಣ ಒಳಗಿದಾನೆ ಅಂತ ಅನ್ಸಿಬಿಡುತ್ತೆ. ಒಂದೇ ಕ್ಷಣ. ಆಮೇಲೆ ಇಲ್ಲ ಅಂತ ನೆನಪಾಗುತ್ತೆ. ದಿನಾ ಬೆಳಿಗ್ಗೆ ಅವನು ನನಗೆ ಹೊಸದಾಗಿ ಸಾಯ್ತಿದಾನೆ. ನನ್ನ ಕೈಲಿ ಆಗಲ್ಲ."

ಅತ್ತಿಗೆಯ ಕೈಯ ಸೌಟು ನಿಂತಿತು. ಅವನು ಹೇಳಿದ ಆ ಒಂದು ಕ್ಷಣಕ್ಕೋಸ್ಕರವೇ ತಾವು ಬೆಳಿಗ್ಗೆ ಸಂಜೆ ನೀರು ಹಾಕಿ ಹಾಕಿ ಬಾಣಲೆಯನ್ನು ಕುದಿಸುತ್ತಿರುವುದು. ಅದನ್ನು ಇವನಿಗೆ ಹೇಗೆ ಹೇಳುವುದು? ಅವನಿಗೆ ಮುಳ್ಳಾಗಿರುವುದೇ ತಮಗೆ ಊರುಗೋಲಾಗಿದೆ ಎಂದು ಯಾವ ಬಾಯಲ್ಲಿ ಹೇಳುವುದು?

"ನೋಡೋಣ ಬಿಡಪ್ಪಾ," ಎಂದರು.

ಬಾಣಲೆಯಲ್ಲಿದ್ದದ್ದು ಒಂದೆಲಗದ ತುಪ್ಪ. ಹೇಳುವುದಕ್ಕೆ ಸುಲಭ. ಹಿತ್ತಲಿನ ಒದ್ದೆ ಜಾಗದಲ್ಲಿ ಬೆಳೆದ ಒಂದೆಲಗದ ಸೊಪ್ಪನ್ನು ಕಿತ್ತು, ಮಣ್ಣು ಹೋಗುವ ತನಕ ಏಳು ನೀರಲ್ಲಿ ತೊಳೆದು, ಅರೆದು, ಬಟ್ಟೆಯಲ್ಲಿ ಹಿಂಡಿ ರಸ ತೆಗೆಯಬೇಕು. ಬಜೆ ಮತ್ತು ಇನ್ನೆರಡು ಬೇರುಗಳನ್ನು ಬೇರೆಯಾಗಿ ನುಣ್ಣಗೆ ಅರೆದು ಮುದ್ದೆ ಮಾಡಿಕೊಳ್ಳಬೇಕು. ತುಪ್ಪ ಒಂದು ಪಾಲಾದರೆ ರಸ ನಾಲ್ಕು ಪಾಲು. ಎಲ್ಲವನ್ನೂ ಕೂಡಿಸಿ ಸಣ್ಣ ಉರಿಯಲ್ಲಿ ಮೂರು ದಿನ ಕುದಿಸಬೇಕು. ನೀರಿನಂಶವೆಲ್ಲ ಹೋಗಿ, ಸೊಪ್ಪಿನ ಸತ್ವ ತುಪ್ಪದಲ್ಲಿ ಉಳಿಯಬೇಕು. "ಒಂದೇ ದಿನದಲ್ಲಿ ಮುಗಿಸಿದ್ರೆ ಏನಾಗುತ್ತೆ?" ಎಂದು ಅತ್ತಿಗೆ ಮದುವೆಯಾದ ಹೊಸತರಲ್ಲಿ ಕೇಳಿದ್ದರು. "ಸೊಪ್ಪಿಗೂ ತುಪ್ಪಕ್ಕೂ ಇನ್ನೂ ಹೊಸಬರ ಸಂಕೋಚ ಕಣೇ. ಎರಡು ರಾತ್ರಿ ಒಟ್ಟಿಗೆ ಕಳೀಲಿ ಬಿಡು," ಎಂದಿದ್ದರು ವೈದ್ಯರು. ಅತ್ತಿಗೆ ಕೆಂಪಗಾಗಿ ಹಿತ್ತಲಿಗೆ ಓಡಿದ್ದರು.

ಕುದಿಸುವುದು ಕಷ್ಟವಲ್ಲ, ಇಳಿಸುವ ಹೊತ್ತು ತಿಳಿಯುವುದು ಕಷ್ಟ. ಬೇಗ ಇಳಿಸಿದರೆ ನೀರು ಉಳಿದು ನಾಲ್ಕು ವಾರದಲ್ಲಿ ಬೂಷ್ಟು. ತಡವಾದರೆ ಬೇರಿನ ಮುದ್ದೆ ಒಣಗಿ ಮರಳಾಗುತ್ತದೆ, ತುಪ್ಪ ಕಡುವಾಗುತ್ತದೆ. ಅಂಥದ್ದನ್ನು ಹೊಟ್ಟೆಗೆ ಕೊಡುವ ಹಾಗಿಲ್ಲ, ಮೈಗೆ ಹಚ್ಚಿಕೊಳ್ಳುವುದಕ್ಕಷ್ಟೇ. ಆ ಹದ ತಿಳಿಯಲು ಮೊದಲು ನೊರೆ ನೋಡಬೇಕು, ಅದು ತಾನಾಗಿ ಅಡಗಬೇಕು. ಆಮೇಲೆ ಸೌಟಿನ ತುದಿಯಿಂದ ಚೂರು ಮುದ್ದೆ ತೆಗೆದು ಬೆರಳುಗಳ ನಡುವೆ ಹೊಸೆಯಬೇಕು, ದೀಪದ ಬತ್ತಿಯ ಹಾಗೆ ಉದ್ದವಾಗಿ ಬರಬೇಕು. ಕೊನೆಗೆ ಆ ಬತ್ತಿಯನ್ನು ಉರಿಗೆ ಹಿಡಿಯಬೇಕು. ಒಳಗೆ ನೀರಿದ್ದರೆ ಚಟಚಟ ಎನ್ನುತ್ತದೆ. ಇಲ್ಲದಿದ್ದರೆ ಸದ್ದಿಲ್ಲದೆ ಉರಿಯುತ್ತದೆ. ಅಲ್ಲಿಗೆ ಮುಗಿಯಿತು, ಇಳಿಸಬೇಕು.

ಆ ಚಟಚಟ ಸದ್ದು ವೈದ್ಯರಿಗೆ ಕೇಳಿಸದೆ ಎಂಟು ವರ್ಷವಾಗಿತ್ತು.

ಇದು ಯಾರಿಗೂ ತಿಳಿಯದ ಸಂಗತಿ. ಮೊದಲು ಅವರಿಗೆ ಅಂಗಡಿಯ ಗಂಟೆ ಕೇಳಿಸದಾಯಿತು, ಆಮೇಲೆ ಕುಕ್ಕರಿನ ಸೀಟಿ. ಒಂದು ದಿನ ಬತ್ತಿ ಉರಿಯ ಮೇಲೆ ಚಟಪಟ ಸಿಡಿಯುತ್ತಿರುವಾಗಲೇ ವೈದ್ಯರು ಗಂಭೀರವಾಗಿ, "ಆಯ್ತು. ಇಳಿಸು," ಎಂದರು. ಬಾಣಲೆ ಹಿಡಿಯುವ ಮಸಿಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಎದುರಿಗೆ ನಿಂತಿದ್ದ ಅತ್ತಿಗೆ ಕದಲಲಿಲ್ಲ. "ಇನ್ನೊಂದು ಸಲ ನೋಡಿ," ಎಂದರು. ವೈದ್ಯರು ಹೆಂಡತಿಯ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಮಾತಾಡದೆ ಇನ್ನೊಂದು ಬತ್ತಿ ಹೊಸೆದರು. ಅದೂ ಸಿಡಿಯಿತು. ಅತ್ತಿಗೆ ನಿಂತೇ ಇದ್ದರು. ಐದನೆಯದೋ ಆರನೆಯದೋ ಬತ್ತಿ ಸದ್ದಿಲ್ಲದೆ ಉರಿದಾಗ ಅತ್ತಿಗೆ ಹೆಗಲಿನಿಂದ ಮಸಿಬಟ್ಟೆ ಎಳೆದುಕೊಂಡರು. "ಆಯ್ತು. ಇಳಿಸು," ಎಂದರು ವೈದ್ಯರು, ತಾವೇ ಕಂಡುಹಿಡಿದವರ ಹಾಗೆ.

ಅಂದಿನಿಂದ ಅದೇ ಪದ್ಧತಿ. ಬಟ್ಟೆ ಹೆಗಲಿನಿಂದ ಇಳಿದರೆ ಬಾಣಲೆ ಒಲೆಯಿಂದ ಇಳಿಯಿತು. ಎಂಟು ವರ್ಷದಲ್ಲಿ ಇಬ್ಬರೂ ಒಂದು ದಿನವೂ ಆ ಮಾತು ಎತ್ತಲಿಲ್ಲ. ಗಂಡ ಗೊತ್ತಿದ್ದೂ ಸುಮ್ಮನಿದ್ದಾರೋ, ಗೊತ್ತೇ ಇಲ್ಲವೋ, ಅದೂ ಅತ್ತಿಗೆಗೆ ಗೊತ್ತಿರಲಿಲ್ಲ. ಮೈದುನನಂತೂ ಬಂದವರಿಗೆಲ್ಲ, "ನಮ್ಮಣ್ಣನ ಕೈಗುಣ ಅದು, ಬತ್ತಿ ಹಿಡಿದ ಅಂದ್ರೆ ಮುಗೀತು," ಎಂದು ಹೇಳಿಕೊಂಡು ತಿರುಗುತ್ತಿದ್ದ.

ಈ ಬಾಣಲೆಯನ್ನು ಒಲೆಗಿಟ್ಟ ಎರಡನೇ ದಿನ ಸಂಜೆ ವೈದ್ಯರು ಕೈಯಾಡಿಸುತ್ತಿದ್ದವರು ಸೌಟನ್ನು ಬದಿಗಿಟ್ಟು, ಎದೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತರು. ಆಂಬುಲೆನ್ಸ್ ಬಂತು. ಒಳಗೆ ಹತ್ತಿಸುವಾಗ ಅವರು ಬಾಯಿಯ ಮೇಲಿನ ಮಾಸ್ಕನ್ನು ಕೈಯಿಂದ ಸರಿಸಿದರು. ಅತ್ತಿಗೆ ಬಗ್ಗಿ ಕಿವಿ ಕೊಟ್ಟರು.

"ಬಾಣಲೆ ನೋಡ್ಕೋ," ಎಂದರು ವೈದ್ಯರು.

ಆಮೇಲೆ ಅವರು ಮಾತಾಡಲಿಲ್ಲ. ಮೂವತ್ತೊಂದು ವರ್ಷ ಜೊತೆಗಿದ್ದವಳಿಗೆ ಹೇಳಿ ಹೋಗುವ ಮಾತಾ ಅದು? ಹೆದರಬೇಡ ಎನ್ನಬಹುದಿತ್ತು. ಊಟ ಮಾಡು ಎನ್ನಬಹುದಿತ್ತು. ಹೆಸರು ಹಿಡಿದು ಕರೆದಿದ್ದರೂ ಸಾಕಿತ್ತು. ಅತ್ತಿಗೆಗೆ ಈ ಒಂದು ವಾರದಲ್ಲಿ ಅಳು ಬಂದಷ್ಟೇ ಸಲ ಆ ಮಾತು ನೆನೆದು ಸಿಟ್ಟೂ ಬಂದಿತ್ತು.

ಹೊರಗಿನಿಂದ ಯಾರೋ ಷಟರನ್ನು ತಟ್ಟಿದರು.

"ಅತ್ತಿಗೇ... ಪೋಸ್ಟ್!"

ಅಂಚೆಯಣ್ಣ. ಕೆಲಸದಿಂದ ನಿವೃತ್ತನಾಗಿ ಆರು ವರ್ಷವಾದರೂ ಯಾರ ಮನೆ ಬಾಗಿಲಿಗೆ ಹೋದರೂ ಅವನ ಬಾಯಿಂದ ಹಾಗೇ ಬರುತ್ತಿತ್ತು. ವೈದ್ಯರ ಜೀವದ ಗೆಳೆಯ. ಮಧ್ಯಾಹ್ನ ಅಂಗಡಿಯ ಮುಂದಿನ ಬೆಂಚಿನಲ್ಲಿ ಇಬ್ಬರೂ ಚದುರಂಗ ಆಡುತ್ತಾ, ಒಬ್ಬರಿಗೊಬ್ಬರು ಮೋಸಗಾರ ಎಂದು ಬೈದುಕೊಳ್ಳುತ್ತಾ ಕೂರುತ್ತಿದ್ದರು. ಮೈದುನ ಹೋಗಿ ಷಟರಿನ ಪಕ್ಕದ ಸಣ್ಣ ಬಾಗಿಲು ತೆಗೆದ. ಅಂಚೆಯಣ್ಣ ಕಂಕುಳಲ್ಲಿ ಅಗಲ ಬಾಯಿಯ ಖಾಲಿ ಗಾಜಿನ ಬಾಟಲಿ ಅವಚಿಕೊಂಡು ಅಡುಗೆಮನೆಯ ತನಕ ಬಂದ.

"ಆಯ್ತಾ ಅತ್ತಿಗೆ?"

"ಇನ್ನೂ ಆಗಿಲ್ಲ."

"ಇದೇನು ತುಪ್ಪಾನೋ, ಸರ್ಕಾರಿ ಕಟ್ಟಡಾನೋ? ನಾಲ್ಕನೇ ದಿನ ಬಂದಾಗ ಆಗಿಲ್ಲ, ಆರನೇ ದಿನ ಬಂದಾಗ ಆಗಿಲ್ಲ."

ನಗಿಸುವುದಕ್ಕೆ ಹೇಳಿದ ಮಾತು. ಆದರೆ ಹೇಳಿದವನ ಮುಖದಲ್ಲಿ ನಗು ಇರಲಿಲ್ಲ. ಗಡ್ಡ ಬೆಳೆದಿತ್ತು. ಅಂಗಿಯ ಗುಂಡಿ ಒಂದು ಮನೆ ತಪ್ಪಿ ಹಾಕಿಕೊಂಡಿದ್ದ.

"ಮೊನ್ನೆ ನಾನು ಕಂಪನಿಯ ಬಾಟಲಿ ಕೊಟ್ಟಿದ್ದೆನಲ್ಲ ಅಂಚೆಯಣ್ಣ," ಎಂದ ಮೈದುನ. "ಅದೂ ಒಂದೆಲಗದ್ದೇ. ಟೀಚರಮ್ಮನಿಗೆ ಕುಡಿಸಿದ್ರಾ?"

"ಉಗಿದುಬಿಟ್ಟಳು. 'ಅಂಚೆಯಣ್ಣ, ಇದು ನಮ್ಮ ವಿಳಾಸದ್ದಲ್ಲ' ಅಂದಳು."

ಮೈದುನನಿಗೆ ನಗಬೇಕೋ ಅಳಬೇಕೋ ತಿಳಿಯದೆ, "ಷಟರ್ ಎತ್ತಿ ಬರ್ತೀನಿ," ಎಂದು ಹೊರಟುಹೋದ.

ಅಂಚೆಯಣ್ಣನ ಹೆಂಡತಿ ಮಕ್ಕಳಿಗೆ ಪಾಠ ಹೇಳಿದವಳು, ಬೀದಿಗೆಲ್ಲ ಟೀಚರಮ್ಮ. ಮೂರು ವರ್ಷದಿಂದ ಮರೆವು ಅವಳನ್ನು ಒಂದೊಂದು ಕೋಣೆಯಾಗಿ ಖಾಲಿ ಮಾಡಿಕೊಂಡು ಬಂದಿತ್ತು. ಈಗ ಗಂಡ ಎಂಬುದೂ ಮರೆತಿತ್ತು. ಆದರೆ ಅಂಚೆಯವನು ಎಂಬುದು ಮರೆತಿರಲಿಲ್ಲ. ಮನೆಗೆ ಬಂದ ಗಂಡನನ್ನು ಗೇಟಿನಲ್ಲೇ ನಿಲ್ಲಿಸಿ, "ಅಂಚೆಯಣ್ಣ, ನಮಗೇನಾದ್ರೂ ಕಾಗದ ಇದೆಯಾ?" ಎಂದು ಮರ್ಯಾದೆಯಿಂದ ಕೇಳುತ್ತಿದ್ದಳು. ದಿನಕ್ಕೆ ಒಂದೇ ಒಂದು ಹೊತ್ತು, ಬೆಳಿಗ್ಗೆ ಒಂದು ಚಮಚ ತುಪ್ಪ ಕುಡಿಸುವಾಗ, ಆ ವಾಸನೆ ಮೂಗಿಗೆ ಹತ್ತಿದಾಗ, ಕಣ್ಣು ಮುಚ್ಚಿ, "ರೀ, ಬಿಸಿ ಇದೆ," ಎನ್ನುತ್ತಿದ್ದಳು. ತುಪ್ಪ ಬಿಸಿ ಇರುತ್ತಿರಲಿಲ್ಲ. ಆದರೂ ಎನ್ನುತ್ತಿದ್ದಳು. ಅದು ಮದ್ದಿನ ಗುಣವೋ, ವಾಸನೆಯ ಗುಣವೋ, ಬರೀ ರೂಢಿಯೋ ಎಂದು ಕೇಳಿದರೆ ವೈದ್ಯರು, "ಯಾವುದಾದ್ರೇನಪ್ಪಾ, ರೀ ಅಂತಾಳಲ್ಲ," ಎನ್ನುತ್ತಿದ್ದರೇ ಹೊರತು ಬೇರೆ ಮಾತು ಕೊಟ್ಟಿರಲಿಲ್ಲ.

"ಒಂಬತ್ತು ದಿನ ಆಯ್ತು ಅತ್ತಿಗೆ, ಬಾಟಲಿ ಮುಗಿದು," ಎಂದ ಅಂಚೆಯಣ್ಣ. "ಒಂಬತ್ತು ದಿನದಿಂದ ನಾನು ಆ ಮನೆಗೆ ಬರೀ ಅಂಚೆಯವನು. ನಿನ್ನೆ ರಾತ್ರಿ ನನಗೆ ಒಳಗೆ ಮಲಗೋಕೆ ಬಿಡಲಿಲ್ಲ. 'ಹೊತ್ತಾಯ್ತು, ಮನೆಗೆ ಹೋಗಿ, ಮನೆಯವರು ಕಾಯ್ತಿರ್ತಾರೆ' ಅಂದಳು. ವರಾಂಡದಲ್ಲಿ ಮಲಗಿದ್ದೆ."

ಅತ್ತಿಗೆ ಸೌಟನ್ನು ಕೆಳಗಿಟ್ಟರು. ಕೆಟಲು ಶಿಳ್ಳೆ ಹಾಕುತ್ತಿತ್ತು. ಅದರ ಉರಿ ಆರಿಸಿದರು. ಆರಿಸಿ, ಆ ಕಡೆಗೇ ಮುಖ ಮಾಡಿಕೊಂಡು ಹೇಳಿದರು:

"ಆಗಿದೆ ಅಂಚೆಯಣ್ಣ. ಯಾವಾಗ್ಲೋ ಆಗಿದೆ."

"ಏನು?"

"ಮೂರನೇ ದಿನಕ್ಕೇ ಆಗಿತ್ತು. ಅವರು ಬಾಣಲೆ ನೋಡ್ಕೋ ಅಂದಿದ್ರಲ್ಲ, ಅದಕ್ಕೆ ಮಾರನೇ ದಿನ ಆಸ್ಪತ್ರೆಯಲ್ಲಿ ಅವರ ತಮ್ಮನನ್ನ ಕೂರಿಸಿ ಎರಡು ಗಂಟೆ ಮಟ್ಟಿಗೆ ಮನೆಗೆ ಬಂದೆ. ಒಲೆ ಮತ್ತೆ ಹಚ್ಚಿದೆ. ಗಂಟೆ ಕಳೆಯೋ ಹೊತ್ತಿಗೆ ನೊರೆ ಅಡಗಿತು. ಬತ್ತಿ ಹೊಸೆದೆ, ಉರಿಗೆ ಹಿಡಿದೆ. ಸದ್ದೇ ಇಲ್ಲ. ಚೆನ್ನಾಗಿ ಬಂದಿತ್ತು, ಅಷ್ಟು ಚೆನ್ನಾಗಿ ಯಾವತ್ತೂ ಬಂದಿರಲಿಲ್ಲ. ಹೆಗಲಿಂದ ಮಸಿಬಟ್ಟೆ ತೆಗೆದೆ. ತೆಗೆದು ಎದುರಿಗೆ ನೋಡ್ತೀನಿ, ಸ್ಟೂಲು. ಬರೀ ಸ್ಟೂಲು. 'ಆಯ್ತು, ಇಳಿಸು' ಅನ್ನೋರು ಯಾರೂ ಇಲ್ಲ. ಅಷ್ಟೊತ್ತಿಗೆ ಆಸ್ಪತ್ರೆಯಿಂದ ಫೋನ್ ಬಂತು. ಫೋನಿನಲ್ಲಿ ತಮ್ಮ ಏನೂ ಹೇಳಲಿಲ್ಲ, ಬರೀ ಉಸಿರು. ನನಗೆ ಗೊತ್ತಾಯ್ತು. ಬಟ್ಟೆ ವಾಪಸ್ ಹೆಗಲಿಗೆ ಹಾಕ್ಕೊಂಡೆ. ಒಂದು ತಂಬಿಗೆ ನೀರು ತಗೊಂಡು ಅದರೊಳಗೆ ಸುರಿದೆ."

"ಆಗಿರೋ ತುಪ್ಪಕ್ಕೆ?"

"ಆಗಿರೋ ತುಪ್ಪಕ್ಕೆ."

ತುಪ್ಪ ಕಾಯಿಸುವ ಮನೆಯಲ್ಲಿ ಯಾರೂ ಮಾಡದ ಕೆಲಸ ಅದು. ಹದಕ್ಕೆ ಬಂದ ತುಪ್ಪಕ್ಕೆ ಒದ್ದೆ ಚಮಚ ತಾಕಿದರೂ ವೈದ್ಯರು ಮನೆ ತಲೆ ಮೇಲೆ ಹೊತ್ತುಕೊಳ್ಳುತ್ತಿದ್ದರು.

"ಆವತ್ತಿಂದ ದಿನಾ ಅದೇ ಮಾಡ್ತಿದೀನಿ. ನೀರು ಆರೋದು, ನಾನು ಹಾಕೋದು. ಕುದೀತಾ ಇರೋ ತನಕ ಅವರ ಕೆಲಸ ಇನ್ನೂ ಮುಗಿದಿಲ್ಲ ಅಂತ... ಏನೋ ಒಂದು ಹುಚ್ಚು. ನೀವು ಬಂದಾಗಲೆಲ್ಲ ಇನ್ನೂ ಆಗಿಲ್ಲ ಅಂತ ಸುಳ್ಳು ಹೇಳಿದೆ."

ಅಂಚೆಯಣ್ಣ ಬಾಟಲಿಯನ್ನು ಕಟ್ಟೆಯ ಮೇಲಿಟ್ಟ. ಇಟ್ಟ ರಭಸಕ್ಕೆ ಅದು ಉರುಳಿ ಗೋಡೆಗೆ ತಗುಲಿ ನಿಂತಿತು.

"ಅವನು ಹೋದ ಅತ್ತಿಗೆ," ಎಂದ. "ಹೋದವನಿಗೋಸ್ಕರ ನೀವು ಏನು ಬೇಕಾದ್ರೂ ಮಾಡಿ, ನಾನ್ಯಾರು ಕೇಳೋಕೆ. ಆದ್ರೆ ನನ್ನವಳು ಇನ್ನೂ ಇದಾಳೆ. ದಿನಾ ಒಂದಿಷ್ಟು ಹೋಗ್ತಿದಾಳೆ, ಆದ್ರೂ ಇದಾಳೆ. ಅವಳು ನನ್ನನ್ನ ಕರೆಯೋದೇ ದಿನಕ್ಕೆ ಒಂದು ಸಲ. ಆರು ಸಲ ನನ್ನಿಂದ ಕಿತ್ಕೊಂಡ್ರಲ್ಲ. ನನಗೇನು ಸಾವಿರ ಸಲ ಉಳಿದಿದೆಯಾ?"

ತಪ್ಪಾಯಿತು ಎನ್ನುವುದು ಅತ್ತಿಗೆಗೆ ತೀರಾ ಸಣ್ಣ ಮಾತಾಗಿ ಕಂಡಿತು.

ಅಂಚೆಯಣ್ಣ ಬಾಗಿಲ ತನಕ ಹೋದ. ಚಪ್ಪಲಿಗೆ ಕಾಲು ತೂರಿಸಿದ. ಹೊರಗೆ ಷಟರ್ ಗರಗರ ಎಂದು ಮೇಲೇರುವ ಸದ್ದು ಕೇಳಿಸಿತು. ಹೊರಟವನು ಹೊರಡಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತು, ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲು ಬರಿದು, ತಿರುಗಿದ.

"ಅದು ನನಗೂ ಗೊತ್ತು ಅತ್ತಿಗೆ," ಎಂದ, ಈಗ ಮೆಲ್ಲಗೆ. "ಮಸಿಬಟ್ಟೆ ವಿಷಯ."

ಅತ್ತಿಗೆ ಬೆಚ್ಚಿದರು. "ಯಾವ ವಿಷಯ?"

"ಅವನೇ ಹೇಳಿದ್ದ. ಎರಡು ವರ್ಷ ಆಯ್ತೇನೋ. ಚದುರಂಗ ಆಡ್ತಾ ನಾನು 'ಏನೋ, ನಿನಗೆ ಕುದುರೆ ಇಟ್ಟ ಸದ್ದೇ ಕೇಳಲ್ಲ, ತುಪ್ಪದ ಸದ್ದು ಹೆಂಗೋ ಕೇಳ್ತೀಯ?' ಅಂತ ಕಾಲೆಳೆದೆ. 'ಕೇಳಲ್ಲ ಕಣೋ' ಅಂದ. 'ನಾನು ಉರಿ ನೋಡೋದೇ ಇಲ್ಲ, ಅವಳ ಹೆಗಲು ನೋಡ್ತೀನಿ. ಬಟ್ಟೆ ಇಳೀತು ಅಂದ್ರೆ ಆಯ್ತು.' 'ಮತ್ತೆ ಅತ್ತಿಗೆಗೆ ಹೇಳೋದಲ್ವೇನೋ' ಅಂದೆ. 'ಹೇಳಿದ್ರೆ ಅವಳು ಕಿವಿಗೆ ಮಿಷನ್ ಹಾಕಿಸು ಅಂತಾಳೆ. ಮಿಷನ್ ಹಾಕಿಸಿದ್ರೆ ನಾನ್ಯಾಕೆ ಅವಳನ್ನ ನೋಡ್ತಾ ಕೂರಲಿ?' ಅಂದ. ಹೇಳಿ ನನ್ನ ಆನೆ ಹೊಡೆದ, ಕಳ್ಳ."

ಅತ್ತಿಗೆ ಒಲೆಯ ಕಟ್ಟೆಯನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಎಂಟು ವರ್ಷದಲ್ಲಿ ಇಳಿಸಿದ ಬಾಣಲೆಗಳೆಲ್ಲ ಒಂದರ ಹಿಂದೊಂದು ಕಣ್ಣ ಮುಂದೆ ಬಂದವು. ಪ್ರತಿ ಬಾಣಲೆಯ ಆಚೆ ಸ್ಟೂಲಿನ ಮೇಲೆ ಕೂತು, ಕೈಯಲ್ಲಿ ಬತ್ತಿ ಹಿಡಿದು, ಉರಿಯ ಕಡೆ ನೋಡುವವರ ಹಾಗೆ ನಟಿಸುತ್ತಾ ತಮ್ಮನ್ನೇ ನೋಡುತ್ತಿದ್ದ ಒಬ್ಬ ಗಂಡಸು. ಅದೊಂದು ತಮಗೆ ಕಾಣಲಿಲ್ಲವಲ್ಲ. ಸದ್ದಿಗೆ ಕಿವಿ ಕೊಟ್ಟು ನಿಂತು, ಎದುರಿಗಿದ್ದವರ ಕಣ್ಣು ಎಲ್ಲಿದೆ ಎಂದು ಒಂದು ದಿನವೂ ನೋಡಲಿಲ್ಲವಲ್ಲ.

"ಬಾಣಲೆ ನೋಡ್ಕೋ ಅಂದ ಅಂತ ನಿಮಗೆ ಬೇಜಾರಿರಬೇಕು," ಎಂದ ಅಂಚೆಯಣ್ಣ. "ಇನ್ಯಾರಿಗೆ ಹೇಳ್ತಿದ್ದ ಹೇಳಿ?"

ಬಾಣಲೆಯೊಂದೇ ಗುಳುಗುಳು ಎನ್ನುತ್ತಿತ್ತು.

"ಕೂತ್ಕೊಳ್ಳಿ," ಎಂದರು ಅತ್ತಿಗೆ ಕೊನೆಗೆ. "ಈಗ ಹಾಕಿದ ನೀರು ಆರೋಕೆ ಒಂದು ಗಂಟೆ ಬೇಕು."

ಅಂಚೆಯಣ್ಣ ಚಪ್ಪಲಿ ಬಿಟ್ಟು ಒಳಗೆ ಬಂದು ಸುತ್ತ ನೋಡಿದ. ಕೂರಲು ಇದ್ದದ್ದು ಆ ಸ್ಟೂಲು ಒಂದೇ. ಅವನು ಗೋಡೆಗೆ ಒರಗಿ ನೆಲದ ಮೇಲೆ ಕೂರಲು ಹೊರಟ.

"ಅಲ್ಲೇ ಕೂತ್ಕೊಳ್ಳಿ ಪರವಾಗಿಲ್ಲ. ಮಂಡಿ ನೋವು ಅಂತೀರಿ, ಕೆಳಗೆ ಕೂತ್ರೆ ಎಬ್ಬಿಸೋಕೆ ಯಾರನ್ನ ಕರೀಲಿ."

ಅವನು ಸ್ಟೂಲಿನ ಅಂಚಿನಲ್ಲಿ, ಬಾಡಿಗೆಗೆ ಬಂದವನ ಹಾಗೆ ಕೂತ.

ಅತ್ತಿಗೆ ಕೆಟಲಿನ ಕಡೆ ಕೈ ಚಾಚಲಿಲ್ಲ. ಉರಿಯನ್ನು ಸಣ್ಣ ಮಾಡಿ ಕೈಯಾಡಿಸುತ್ತಾ ನಿಂತರು. ದೊಡ್ಡ ಗುಳ್ಳೆಗಳು ಸಣ್ಣ ಗುಳ್ಳೆಗಳಾದವು. ವಾಸನೆ ಗಟ್ಟಿಯಾಗುತ್ತಾ ಬಂತು. ಅಂಗಡಿಯಲ್ಲಿ ಯಾರಿಗೋ ಕೆಮ್ಮಿನ ಪುಡಿ ಕಟ್ಟಿಕೊಡುತ್ತಿದ್ದ ಮೈದುನ ಒಮ್ಮೆ ಇಣುಕಿ ನೋಡಿ, ಸ್ಟೂಲಿನ ಮೇಲೆ ಕೂತ ಬೆನ್ನು ಕಂಡು ಒಂದು ಕ್ಷಣ ಬಾಗಿಲಲ್ಲೇ ಕಲ್ಲಾಗಿ, ಮತ್ತೆ ಗುರುತು ಹಿಡಿದು ವಾಪಸ್ ಹೋದ.

ನೊರೆ ಅಡಗಿತು. ಅತ್ತಿಗೆ ಸೌಟಿನ ತುದಿಯಿಂದ ಮುದ್ದೆ ತೆಗೆದು ಆರಿಸಿ, ಬೆರಳುಗಳ ನಡುವೆ ಹೊಸೆದರು. ಬತ್ತಿ ಬರಲಿಲ್ಲ. ಪುಡಿಯಾಗಿ ಉದುರಿತು, ಒರಟು ಮರಳಿನ ಹಾಗೆ. ಅವರು ನಿರೀಕ್ಷಿಸಿದ್ದೇ. ಆದರೂ ಇನ್ನೊಂದು ಚೂರು ತೆಗೆದು ಹೊಸೆದು ನೋಡಿದರು. ಅದೂ ಉದುರಿತು.

"ಕಡುವಾಗಿದೆ," ಎಂದರು. "ಹೊಟ್ಟೆಗೆ ಕೊಡೋ ಹಾಗಿಲ್ಲ ಅಂಚೆಯಣ್ಣ. ಹಾಳು ಮಾಡಿಬಿಟ್ಟೆ. ಅವರ ಕೈಯ ಕೊನೇದು."

ಅಂಚೆಯಣ್ಣ ಕಟ್ಟೆಯ ಮೇಲೆ ಉರುಳಿದ್ದ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿದ. ಸಮಾಧಾನ ಹೇಳುವಷ್ಟು ಅವನಿಗೂ ಮನಸ್ಸು ತಿಳಿಯಾಗಿರಲಿಲ್ಲ.

ಅತ್ತಿಗೆ ಆ ಪುಡಿಯನ್ನೇ ಚಮಚದ ತುದಿಯಲ್ಲಿ ಒತ್ತಿ ಕೂಡಿಸಿ ಉರಿಗೆ ಹಿಡಿದರು. ಎರಡು ಸಲ ಚಟ್ ಎಂದಿತು. ಕಾದರು. ಇನ್ನೊಂದು ಚಿಟಿಕೆ ಹಿಡಿದರು. ಒಮ್ಮೆ ಚಟ್ ಎಂದಿತು. ಮತ್ತೆ ಕಾದರು. ಮೂರನೆಯ ಚಿಟಿಕೆ ಹಳದಿಯಾಗಿ ಹತ್ತಿಕೊಂಡು ಸದ್ದಿಲ್ಲದೆ ಉರಿಯಿತು.

ಅತ್ತಿಗೆ ನಿಂತೇ ಇದ್ದರು. ಉರಿ ಚಮಚದ ತುದಿಯಲ್ಲಿ ಸಣ್ಣದಾಗಿ ಆರಿಹೋಯಿತು. ಆಮೇಲೆ ಅವರ ಬಲಗೈ ಮೇಲಕ್ಕೆ ಹೋಗಿ ಹೆಗಲಿನ ಮಸಿಬಟ್ಟೆಯನ್ನು ಎಳೆದುಕೊಂಡಿತು. ಅವರು ಕಣ್ಣೆತ್ತಿ ಎದುರಿಗೆ ನೋಡಿದರು.

ಸ್ಟೂಲಿನ ಮೇಲಿದ್ದವನು ಉರಿಯ ಕಡೆ ನೋಡುತ್ತಿರಲಿಲ್ಲ. ಅವರ ಹೆಗಲನ್ನೇ ನೋಡುತ್ತಿದ್ದ.

"ಆಯ್ತು," ಎಂದ ಅಂಚೆಯಣ್ಣ. "ಇಳಿಸಿ."

ಸೋಸುವುದಕ್ಕೆ ಮೈದುನ ಬಂದ. ಯಾರೂ ಕರೆದಿರಲಿಲ್ಲ. ಕೈ ತೊಳೆದು, ಒಣಗಿಸಿಕೊಂಡು, ಬಿಳಿ ಬಟ್ಟೆಯ ಎರಡು ಮೂಲೆ ತಾನು ಹಿಡಿದು ಎರಡು ಮೂಲೆ ಅಂಚೆಯಣ್ಣನಿಗೆ ಕೊಟ್ಟ. ಅತ್ತಿಗೆ ಸೌಟು ಸೌಟಾಗಿ ಹುಯ್ದರು. ಬಟ್ಟೆಯಿಂದ ಕಪ್ಪು ಹಸಿರು ತುಪ್ಪ ನೂಲಿನ ಹಾಗೆ ಇಳಿಯಿತು. ಎರಡು ಬಾಟಲಿ ಆಯಿತು. ಒಂದನ್ನು ಅತ್ತಿಗೆ ಕಪಾಟಿನ ಮೇಲಿನ ಹಲಗೆಯಲ್ಲಿಟ್ಟರು. ಇನ್ನೊಂದನ್ನು ಅಂಚೆಯಣ್ಣನ ಕಡೆ ಸರಿಸಿದರು.

"ಅಂಗೈಗೆ, ಪಾದಕ್ಕೆ ಹಚ್ಚಿ. ಹೊಟ್ಟೆಗೆ ಮಾತ್ರ ಬೇಡ. ವಾಸನೆ ಅದೇ ಇದೆ, ಸ್ವಲ್ಪ ಸುಟ್ಟ ಹಾಗೆ ಬರುತ್ತೆ." ತಡೆದು ಸೇರಿಸಿದರು: "ಕುಡಿಸೋದಕ್ಕೆ ಹೊಸದು ಮಾಡ್ತೀನಿ. ಮೂರು ದಿನ."

"ಮೂರು ದಿನ ಅಂದ್ರೆ ಮೂರೇ ದಿನ ತಾನೆ ಅತ್ತಿಗೆ?"

"ಮೂರೇ ದಿನ."

ಅವನು ಬಾಟಲಿಯ ಮುಚ್ಚಳ ತೆಗೆದು ಒಮ್ಮೆ ಮೂಸಿ, ಮತ್ತೆ ಮುಚ್ಚಿ, ತಪ್ಪಿ ಹಾಕಿದ ಗುಂಡಿಗಳ ಅಂಗಿಗೆ ಅವಚಿಕೊಂಡು ಹೋದ. ಮನೆಗೆ ಹೋಗಿ ಟೀಚರಮ್ಮನ ಅಂಗೈಗೆ ಹಚ್ಚಿದಾಗ ಏನಾಗುವುದೋ ಯಾರಿಗೆ ಗೊತ್ತು. ಅತ್ತಿಗೆ ಅಂಗಡಿಯ ತನಕ ಬಂದು, ಅವನು ಬೀದಿಯ ತಿರುವಿನಲ್ಲಿ ಮರೆಯಾಗುವ ತನಕ ನಿಂತಿದ್ದರು.

"ನಾಳೆ ಬೆಳಿಗ್ಗೆ ಸೊಪ್ಪು ನಾನೇ ಕಿತ್ತು ಕೊಡ್ತೀನಿ ಅತ್ತಿಗೆ," ಎಂದ ಮೈದುನ ಹಿಂದಿನಿಂದ.

"ಬೇರು ಕೀಳಬೇಡ ಮತ್ತೆ. ಹೋದ ಸಲ ಅರ್ಧ ಹಿತ್ತಲು ಕಿತ್ಕೊಂಡು ಬಂದಿದ್ದೆ."

"ಇಲ್ಲ ಇಲ್ಲ." ಅವನು ಸ್ವಲ್ಪ ಹೊತ್ತು ತಕ್ಕಡಿಯ ಬಟ್ಟಲನ್ನು ಒರೆಸಿದ. "ಬತ್ತಿ ಸುಡುವಾಗ ಎದುರಿಗೆ ನಾನು ಕೂರಲಾ? ಅಣ್ಣ ಕೂರ್ತಿದ್ದ ಹಾಗೆ?"

"ನಿನಗೆ ಕಿವಿ ಚೆನ್ನಾಗಿ ಕೇಳುತ್ತಲ್ಲಪ್ಪಾ," ಎಂದರು ಅತ್ತಿಗೆ. "ನೀನು ನನ್ನನ್ಯಾಕೆ ನೋಡ್ತೀಯ."

ಅವನಿಗೆ ಅರ್ಥವಾಗಲಿಲ್ಲ. ಅವರು ಅರ್ಥ ಹೇಳಲೂ ಇಲ್ಲ.

ಅಡುಗೆಮನೆಯಲ್ಲಿ ಒಲೆ ಬೋಳಾಗಿ ಕೂತಿತ್ತು. ಅತ್ತಿಗೆ ಬಾಣಲೆಯನ್ನು ಬೂದಿ ಹಾಕಿ ಉಜ್ಜಿದರು. ಮೇಲಿನದೆಲ್ಲ ಬಿಟ್ಟುಕೊಂಡಿತು. ತಳದಲ್ಲಿ ಒಂಬತ್ತು ದಿನದ್ದು ಕಪ್ಪಗೆ ಬಳೆಯಂತೆ ಕಚ್ಚಿಕೊಂಡಿತ್ತು, ಎಷ್ಟು ಉಜ್ಜಿದರೂ ಬರಲಿಲ್ಲ. ಕೆಟಲಿನಲ್ಲಿ ಉಳಿದಿದ್ದ ನೀರನ್ನು ಅದಕ್ಕೆ ಹುಯ್ದರು. ಹುಯ್ದು, ರೂಢಿಯಂತೆ ಎರಡೂ ಕೈಯಲ್ಲಿ ಬಾಣಲೆಯನ್ನೆತ್ತಿ ಒಲೆಯ ಕಡೆ ಒಂದು ಹೆಜ್ಜೆ ಇಟ್ಟರು. ನಿಂತರು. ಆಮೇಲೆ ತಿರುಗಿ, ನೀರಿನ ಸಮೇತ ಅದನ್ನು ಮೂಲೆಯ ನೆಲದ ಮೇಲೆ ನೆನೆಯಲು ಇಟ್ಟು, ಕೈ ಒರೆಸಿಕೊಂಡು ಮಸಿಬಟ್ಟೆಯನ್ನು ಮೊಳೆಗೆ ನೇತುಹಾಕಿದರು.